ಗೇಣಿ ಚೀಟಿನಿಂದ ಬಾಡಿಗೆ ಕರಾರಿನವರೆಗೆ

ಬೆಳ್ಳಿ ಹಬ್ಬದ ಸಂಚಿಕೆಗೆ ಊರಿನ ಚರಿತ್ರೆಯ ಬಗ್ಗೆ ಏನಾದರೂ ಬರೆದು ಕೊಡಿ ಎಂದು ಸಂಪಾದಕ ಸಮಿತಿಯವರು ಹೇಳಿದಾಗ ನಮಗೆ ಸ್ವಲ್ಪ ಅಳುಕೇ ಆಯಿತು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಗದ್ದೆಗೆ ಇಳಿದವರು. ಬಾರಕೂರಿನ ರಾಜರ ಬಗ್ಗೆ, ಶಾಸನಗಳ ಬಗ್ಗೆ ಬರೆಯಲು ಬಲ್ಲವರು ಬೇರೆ ಇದ್ದಾರೆ. ಆದರೆ ಕಳೆದ ಮಹಾಸಭೆಯಲ್ಲಿ ನಡೆದ ಒಂದು ಚರ್ಚೆ ನಮ್ಮ ತಲೆಯಿಂದ ಹೋಗಿಲ್ಲ. ಅದರ ಬೇರು ಹುಡುಕುತ್ತಾ ಹೋದರೆ ಅದೇ ಒಂದು ಚರಿತ್ರೆಯಾಗುತ್ತದೆ ಎಂದು ತೋಚಿದ್ದರಿಂದ ಧೈರ್ಯ ಮಾಡಿ ಬರೆಯುತ್ತಿದ್ದೇವೆ.

ಚರ್ಚೆ ಇಷ್ಟೇ. ಸಂಘದ ಕಟ್ಟಡಕ್ಕೆ ಒಂದು ಮಾಳಿಗೆ ಏರಿಸಿ ಅದನ್ನು ಬಾಡಿಗೆಗೆ ಕೊಡುವುದೋ ಬೇಡವೋ ಎಂಬ ವಿಷಯ ಸಭೆಯ ಮುಂದೆ ಬಂತು. ಸಂಘಕ್ಕೆ ಒಂದು ಆದಾಯವಾಗಲಿ ಎಂದು ಕೆಲವರು ಹೇಳಿದರು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. "ಅಲ್ಲ ಮಾರಾಯ್ರೆ, ನಾವೆಲ್ಲ ಒಕ್ಕಲಾಯ್ ಬದ್ಕಿ ಬಂದವ್ರ್. ಈಗ ನಾವೇ ಒಕ್ಕಲ್ ಕೂರ್ಸುದಾ? ಕೂರ್ಸುದ್ ಸುಲಭ, ಎಬ್ಸುಕ್ ಆತ್ತಾ?" ಎಂದರು. ಸಭೆ ನಕ್ಕಿತು. ಆದರೆ ಆ ನಗುವಿನ ಹಿಂದೆ ಒಂದು ಹೆದರಿಕೆ ಇತ್ತು. ವಿಷಯ ಮುಂದಿನ ಸಭೆಗೆ ಹೋಯಿತು.

ಈ ಹೆದರಿಕೆ ಒಬ್ಬರದ್ದಲ್ಲ. ನಮ್ಮ ಹಂಗಾರಕಟ್ಟೆ, ಬಾಳ್ಕುದ್ರು, ಐರೋಡಿ, ಸಾಸ್ತಾನ ಕಡೆ ಎಷ್ಟು ಮನೆಗಳು ಬೀಗ ಹಾಕಿಕೊಂಡು ನಿಂತಿವೆ ನೋಡಿ. ಮಕ್ಕಳು ಬೆಂಗಳೂರು, ಮುಂಬಯಿ, ಗಲ್ಫಿನಲ್ಲಿ ಇದ್ದಾರೆ. ಅಂಗಳದಲ್ಲಿ ಹುಲ್ಲು ಸೊಂಟದ ಎತ್ತರ ಬೆಳೆದಿದೆ. ಯಾಕೆ ಬಾಡಿಗೆಗೆ ಕೊಡುವುದಿಲ್ಲ ಎಂದು ಕೇಳಿದರೆ, "ಬೇಡ, ಕೊಟ್ಟರೆ ಬಿಡುವುದಿಲ್ಲ, ಡಿಕ್ಲರೇಷನ್ ಹಾಕಿದರೆ?" ಎನ್ನುತ್ತಾರೆ. ಐವತ್ತು ವರ್ಷದ ಹಿಂದಿನ ಒಂದು ಶಬ್ದ ಇವತ್ತಿಗೂ ಮನೆಗೆ ಬೀಗ ಹಾಕಿಸುತ್ತದೆ ಎಂದರೆ ಆ ಶಬ್ದದ ಚರಿತ್ರೆ ತಿಳಿಯಬೇಕಲ್ಲವೇ?

ಮೂಲಗೇಣಿ, ಚಾಲಗೇಣಿ

ನಮ್ಮ ಜಿಲ್ಲೆಯಲ್ಲಿ ಭೂಮಿಯ ವ್ಯವಹಾರ ಘಟ್ಟದ ಮೇಲಿನ ಹಾಗೆ ಇರಲಿಲ್ಲ. ಇಲ್ಲಿ ಸರ್ಕಾರಕ್ಕೆ ತೀರ್ವೆ ಕಟ್ಟುವವರು ವರ್ಗದಾರರು. ಅವರ ಕೈಕೆಳಗೆ ಸಾಗುವಳಿ ಮಾಡುವವರು ಗೇಣಿದಾರರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕನ್ನಡ ಜಿಲ್ಲೆ ಇಂಗ್ಲಿಷರ ಕೈಗೆ ಬಂದು ತೋಮಸ್ ಮನ್ರೋ ಮೊದಲ ಕಲೆಕ್ಟರಾದರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯರು ನಮ್ಮ ಕರಾವಳಿಯಲ್ಲಿ ಹಾದು ಹೋಗುತ್ತಾ ಕಂಡದ್ದನ್ನೆಲ್ಲ ಬರೆದಿಟ್ಟರು. ಮೂಲಗೇಣಿ, ಚಾಲಗೇಣಿ ಎಂಬ ಶಬ್ದಗಳು ಅವರ ಪುಸ್ತಕದಲ್ಲಿಯೂ ಬರುತ್ತವೆ. ಅಂದರೆ ಈ ಪದ್ಧತಿಗಳು ಇಂಗ್ಲಿಷರು ತಂದದ್ದಲ್ಲ, ಅದಕ್ಕೂ ಹಿಂದಿನವು.

ಮೂಲಗೇಣಿ ಎಂದರೆ ಶಾಶ್ವತ ಗೇಣಿ. ಒಮ್ಮೆ ಗೊತ್ತುಮಾಡಿದ ಗೇಣಿಯನ್ನು ಹೆಚ್ಚಿಸುವಂತಿಲ್ಲ. ಗೇಣಿ ಕೊಡುತ್ತಾ ಬಂದರೆ ತಲೆತಲಾಂತರಕ್ಕೂ ಏಳಿಸುವಂತಿಲ್ಲ. ಚಾಲಗೇಣಿ ಹಾಗಲ್ಲ. ಅದು ವರ್ಷದ ಮಾತು. ವರ್ಷದ ಕೊನೆಗೆ ಒಡೆಯರು ಬೇಡ ಎಂದರೆ ಎದ್ದು ಹೋಗಬೇಕು. ಇವೆರಡರ ಮಧ್ಯೆ ಇಂತಿಷ್ಟು ವರ್ಷಕ್ಕೆ ಎಂದು ವಾಯಿದೆ ಗೇಣಿಯೂ ಇತ್ತು. ನಮ್ಮ ಊರಿನ ಹೆಚ್ಚಿನ ಸಣ್ಣ ರೈತರು ಚಾಲಗೇಣಿ ಒಕ್ಕಲುಗಳು.

ನಮ್ಮ ಅಜ್ಜನೂ ಚಾಲಗೇಣಿಯವರೇ. ಕಾರ್ತಿ ಬೆಳೆ ಬಂದ ಮೇಲೆ ಅಕ್ಕಿ ಮಾಡಿ, ಬೈಹುಲ್ಲಿನಲ್ಲಿ ಮುಡಿ ಕಟ್ಟಿ, ಹೊತ್ತುಕೊಂಡು ಹೋಗಿ ಒಡೆಯರ ಚಾವಡಿಯಲ್ಲಿ ಇಳಿಸಿ ಬರುವುದು. ನೆರೆ ಬಂದು ಗದ್ದೆ ಮುಳುಗಿದರೂ, ಉಪ್ಪು ನೀರು ನುಗ್ಗಿದರೂ ಗೇಣಿ ಮುಡಿ ಕಡಿಮೆಯಾಗುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಹಬ್ಬಕ್ಕೆ ಸೌತೆಕಾಯಿ, ಬಾಳೆಗೊನೆ ಬೇರೆ. ಒಡೆಯರ ಮನೆಯಲ್ಲಿ ಮದುವೆಯಾದರೆ ನಾಲ್ಕು ದಿವಸ ಚಪ್ಪರದ ಕೆಲಸ. ಅದಕ್ಕೆ ಲೆಕ್ಕ ಇಲ್ಲ. ಮನೆಯ ಮಾಡಿಗೆ ಹಂಚು ಹೊದೆಸುವ ಆಸೆ ಅಜ್ಜನಿಗಿತ್ತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಶುರು ಮಾಡಿದ ಹಂಚಿನ ಕೆಲಸ ಕರಾವಳಿಯ ನದಿ ದಡಗಳಲ್ಲಿ ಹಬ್ಬಿ, ಹಂಚು ಕಣ್ಣೆದುರೇ ದೋಣಿ ತುಂಬಿ ಹೋಗುತ್ತಿದ್ದ ಕಾಲ. ಆದರೆ ಹಂಚು ಹೊದೆಸಿದ ವರ್ಷವೇ ಏಳು ಎಂದರೆ? ಹಾಗಾಗಿ ಕೊನೆಯವರೆಗೂ ಹುಲ್ಲಿನ ಮಾಡೇ ಉಳಿಯಿತು. ನಾಳೆ ಇರುತ್ತೇವೋ ಇಲ್ಲವೋ ಎಂಬ ಜಾಗದಲ್ಲಿ ಯಾರೂ ಹಣ ಹಾಕುವುದಿಲ್ಲ. ಈ ಮಾತನ್ನು ಬಾಡಿಗೆಗೆ ಕೊಡುವವರು ಇವತ್ತೂ ನೆನಪಿಡಬೇಕು.

ಡಿಕ್ಲರೇಷನ್ ಬಂದ ಕಾಲ

1956 ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1961ರ ಭೂಸುಧಾರಣಾ ಕಾಯಿದೆ ಬಂತು. ಅದು ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಅದರಲ್ಲಿ ಒಡೆಯರು ಸ್ವಂತ ಸಾಗುವಳಿಗೆಂದು ಭೂಮಿ ಹಿಂದೆ ಪಡೆಯಲು ದಾರಿ ಇತ್ತು. ಒಕ್ಕಲುಗಳಿಗೆ ದೊಡ್ಡ ಪ್ರಯೋಜನ ಆಗಲಿಲ್ಲ.

ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅಂದಿಗೆ ಗೇಣಿಯಲ್ಲಿದ್ದ ಕೃಷಿ ಭೂಮಿ ಎಲ್ಲ ಸರ್ಕಾರಕ್ಕೆ ಸೇರಿತು. ಉಳುವವರು ಫಾರಂ ನಂಬ್ರ 7ರಲ್ಲಿ ಅರ್ಜಿ ಕೊಟ್ಟು, ತಾಲೂಕಿನ ಭೂ ನ್ಯಾಯಮಂಡಳಿಯಲ್ಲಿ ತಾವೇ ಗೇಣಿದಾರರೆಂದು ಸಾಬೀತು ಮಾಡಿದರೆ ಹಕ್ಕು ಸಿಗುತ್ತಿತ್ತು. ಇದನ್ನೇ ನಮ್ಮ ಕಡೆ ಡಿಕ್ಲರೇಷನ್ ಎನ್ನುವುದು. ಅರ್ಜಿ ಕೊಡುವ ಅವಧಿ ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ಮುಗಿಯಿತು. ನಾವು ಆಗ ಉಡುಪಿ ತಾಲೂಕಿನವರು. ಬ್ರಹ್ಮಾವರ ತಾಲೂಕು ಆದದ್ದು ಮೊನ್ನೆ ಮೊನ್ನೆ, 2018ರಲ್ಲಿ.

ಆಗ ನಾವು ಹುಟ್ಟಿರಲಿಲ್ಲ. ಮನೆಯಲ್ಲಿ ಕೇಳಿದ ಮಾತು ಹೇಳುತ್ತೇವೆ. ಅರ್ಜಿ ಕೊಡುವುದೇ ದೊಡ್ಡ ಯುದ್ಧ. ತಲೆಮಾರಿನಿಂದ ಅನ್ನ ಕೊಟ್ಟ ಒಡೆಯರ ಮೇಲೆ ಅರ್ಜಿ ಕೊಡುವುದಾ ಎಂದು ಅಜ್ಜ ಎರಡು ವರ್ಷ ಒಪ್ಪಲಿಲ್ಲ. ಅಪ್ಪಯ್ಯ ಕೊನೆಗೆ ಹಟ ಮಾಡಿ ಕೊಟ್ಟರು. ಮಂಡಳಿಯಲ್ಲಿ ಕೇಳಿದ್ದು ಒಂದೇ, ಗೇಣಿ ಚೀಟು ಇದೆಯಾ? ಒಂದೇ ಒಂದು ಚೀಟು ಇತ್ತು. ಅದನ್ನು ಅಜ್ಜಿ ಅಕ್ಕಿ ಡಬ್ಬಿಯ ಅಡಿಯಲ್ಲಿ ಇಟ್ಟಿದ್ದರು. ಆ ಚೀಟಿನಿಂದ ಮತ್ತು ನೆರೆಮನೆಯವರ ಸಾಕ್ಷಿಯಿಂದ ಗದ್ದೆ ನಮ್ಮದಾಯಿತು. ಚೀಟು ಇಲ್ಲದ, ಪಹಣಿಯಲ್ಲಿ ಹೆಸರಿಲ್ಲದ ಕೆಲವರು ಉತ್ತ ಗದ್ದೆಯನ್ನೇ ಕಳೆದುಕೊಂಡರು.

ಇನ್ನೊಂದು ಬದಿಯನ್ನೂ ಹೇಳದಿದ್ದರೆ ಚರಿತ್ರೆ ಪೂರ್ತಿ ಆಗುವುದಿಲ್ಲ. ಒಡೆಯರೆಲ್ಲ ನೂರಾರು ಎಕರೆಯವರಲ್ಲ. ನಮ್ಮ ಅಬ್ಬೆಯ ಕಡೆಯ ಒಬ್ಬ ವಿಧವೆ ಅತ್ತೆ ಇದ್ದರು. ಉಳಲು ಗಂಡಸರಿಲ್ಲದೆ ಇದ್ದ ಮೂರು ಗದ್ದೆಯನ್ನು ಚಾಲಗೇಣಿಗೆ ಕೊಟ್ಟಿದ್ದರು. ಅದೂ ಹೋಯಿತು. ಪರಿಹಾರದ ಹಣ ಅವರ ಊಟಕ್ಕೆ ಸಾಲಲಿಲ್ಲ. ಕೊನೆಗಾಲದಲ್ಲಿ ನಮ್ಮ ಮನೆಯಲ್ಲೇ ಇದ್ದರು. ಒಂದೇ ಕಾಯಿದೆ ನಮ್ಮ ಜಗಲಿಯ ಒಂದು ಬದಿಗೆ ಗದ್ದೆ ಕೊಟ್ಟಿತು, ಇನ್ನೊಂದು ಬದಿಯಿಂದ ತೆಗೆದುಕೊಂಡಿತು. ಕೊಟ್ಟರೆ ಹೋಯಿತು ಎಂಬ ಮಾತು ಊರಿನಲ್ಲಿ ಊರಿದ್ದು ಇಂಥವರನ್ನು ಕಂಡೇ.

ನಮ್ಮ ಸಂಘದ ಕಥೆಗೂ ಇದಕ್ಕೂ ಸಂಬಂಧವಿದೆ. ಚಾಲಗೇಣಿಯವರಿಗೆ ಅಡವು ಇಡಲು ಭೂಮಿ ಇರಲಿಲ್ಲ. ಪಹಣಿಯಲ್ಲಿ ಸ್ವಂತ ಹೆಸರು ಬಂದ ಮೇಲೆಯೇ ಭೂಮಿಯ ಆಧಾರದ ಮೇಲೆ ಸಾಲ, ಬಾವಿ, ಪಂಪುಸೆಟ್ಟು, ಹಂಚಿನ ಮನೆ ಎಲ್ಲ ಆದದ್ದು. ಇವತ್ತು ಸಂಘದಲ್ಲಿ ಸಾಲ ತೆಗೆದು ಮರುಪಾವತಿ ಮಾಡುತ್ತಿರುವ ಅನೇಕ ಮನೆಗಳ ಮೊದಲ ದಾಖಲೆ ಆ ಡಿಕ್ಲರೇಷನ್ ಆರ್ಡರೇ.

ಹೆದರಿಕೆ ಎಷ್ಟು ನಿಜ?

ಈಗ ಮುಖ್ಯ ವಿಷಯಕ್ಕೆ ಬರುವ. ಮನೆ, ಅಂಗಡಿ ಬಾಡಿಗೆಗೆ ಕೊಟ್ಟರೆ ಡಿಕ್ಲರೇಷನ್ ಆಗುತ್ತದೆಯೇ? ಇಲ್ಲ. 1974ರ ತಿದ್ದುಪಡಿ ಇರುವುದು ಕೃಷಿ ಭೂಮಿಗೆ. ಕೃಷಿ ಭೂಮಿಯನ್ನು ಹೊಸದಾಗಿ ಗೇಣಿಗೆ ಕೊಡುವುದಕ್ಕೆ ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟು ಉಳಿದವರಿಗೆ ಇವತ್ತಿಗೂ ನಿಷೇಧವಿದೆ. ಉಳುವವರಿಲ್ಲದ ಬಯಲುಗಳು ಹಡಿಲು ಬಿದ್ದಿರುವುದಕ್ಕೆ ಅದೂ ಒಂದು ಕಾರಣ. ಆದರೆ ಮನೆ ಮತ್ತು ಅಂಗಡಿಯ ಬಾಡಿಗೆ ಬೇರೆ ದಾರಿ. ಅದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಕೆಳಗೆ ಬರುತ್ತದೆ. ಪಟ್ಟಣಗಳಿಗಾದರೆ ಮೊದಲು 1961ರ ಬಾಡಿಗೆ ನಿಯಂತ್ರಣ ಕಾಯಿದೆ ಇತ್ತು. ಅದರ ಜಾಗಕ್ಕೆ 1999ರ ಹೆಸರಿನ ಬಾಡಿಗೆ ಕಾಯಿದೆ ಬಂತು.

ಹನ್ನೆರಡು ವರ್ಷ ಕೂತರೆ ಮನೆ ಅವರದ್ದೇ ಆಗುತ್ತದೆ ಎಂಬುದು ಇನ್ನೊಂದು ಮಾತು. ಇದೂ ಹಾಗಲ್ಲ. ಬಾಡಿಗೆದಾರನಾಗಿ ಬಂದವನು ಬಾಡಿಗೆ ನಡೆಯುತ್ತಿರುವಾಗ ಮನೆ ನಿಮ್ಮದಲ್ಲ ಎನ್ನುವಂತಿಲ್ಲ. ನಮ್ಮ ಒಪ್ಪಿಗೆಯಿಂದ ಇದ್ದವನ ಅನುಭವ ನಮಗೆ ವಿರುದ್ಧವಾದ ಅನುಭವವಲ್ಲ. ಆದರೆ ಅವನು ಬಾಡಿಗೆಗೇ ಬಂದದ್ದು ಎಂದು ತೋರಿಸಲು ಕಾಗದ ಬೇಕು. ಬಾಯಿ ಮಾತಿನಲ್ಲಿ ಕೊಟ್ಟು, ರಶೀದಿ ಇಲ್ಲದೆ ಬಾಡಿಗೆ ತೆಗೆದುಕೊಂಡು, ಹತ್ತು ವರ್ಷದ ಮೇಲೆ ಕೋರ್ಟಿಗೆ ಹೋದರೆ ಕಷ್ಟವಾಗುವುದು ಅಲ್ಲಿಯೇ. ಅಜ್ಜಿಯ ಅಕ್ಕಿ ಡಬ್ಬಿಯ ಪಾಠ ಇಬ್ಬರಿಗೂ ಒಂದೇ.

ಹನ್ನೊಂದು ತಿಂಗಳ ಕರಾರು ಎಂದು ಎಲ್ಲರೂ ಹೇಳುತ್ತಾರೆ, ಯಾಕೆಂದು ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ವರ್ಷಕ್ಕೆ ಮೀರಿದ ಅಥವಾ ವರ್ಷದಿಂದ ವರ್ಷಕ್ಕೆ ನಡೆಯುವ ಬಾಡಿಗೆ ಪತ್ರವನ್ನು ಸಬ್ ರಿಜಿಸ್ಟ್ರಾರರಲ್ಲಿ ನೋಂದಾಯಿಸಬೇಕು. ಹನ್ನೊಂದು ತಿಂಗಳಿಗಾದರೆ ಆ ಕಡ್ಡಾಯ ಇಲ್ಲ. ಅಂಗಡಿಗೆ ಮೂರು, ಐದು ವರ್ಷ ಕೊಡುವುದಾದರೆ ಖರ್ಚಾದರೂ ನೋಂದಣಿ ಮಾಡುವುದೇ ಲೇಸು. ಕರಾರಿನಲ್ಲಿ ಬೇರೆ ಬರೆಯದಿದ್ದರೆ, ತಿಂಗಳ ಬಾಡಿಗೆಯನ್ನು ಮುಗಿಸಲು ಹದಿನೈದು ದಿವಸದ ನೋಟೀಸು ಎಂದು ಕಾಯಿದೆ ಹೇಳುತ್ತದೆ. ನೋಟೀಸು ಕೊಟ್ಟ ಮಾತ್ರಕ್ಕೆ ಬೀಗ ಒಡೆದು ಸಾಮಾನು ಹೊರಗೆ ಹಾಕುವ ಅಧಿಕಾರ ಯಾರಿಗೂ ಇಲ್ಲ. ಎದ್ದು ಹೋಗದಿದ್ದರೆ ಕೋರ್ಟೇ ದಾರಿ.

ಮೂಲಗೇಣಿಯೂ ಒಂದು ಪಾಠ ಕಲಿಸಿದೆ. ಗೇಣಿ ಹೆಚ್ಚಿಸುವಂತಿಲ್ಲ ಎಂದು ಬರೆದುಕೊಟ್ಟ ಜಾಗಗಳಲ್ಲಿ, ಪೇಟೆ ಬೆಳೆದು ಸೆಂಟ್ಸಿಗೆ ಲಕ್ಷಗಟ್ಟಲೆ ಆದರೂ ಬರುವುದು ಹಳೆಯ ಕಾಲದ ಪುಡಿಗಾಸೇ. ಆ ಜಾಗಗಳ ತಗಾದೆಗೆಂದೇ ಮೂಲಗೇಣಿದಾರರಿಗೆ ಒಡೆತನ ಕೊಡುವ 2011ರ ಹೆಸರಿನ ಬೇರೆ ಕಾಯಿದೆ ಮಾಡಬೇಕಾಯಿತು. ಹಾಗಾಗಿ ಎಷ್ಟು ವರ್ಷಕ್ಕೆ, ಪ್ರತಿ ವರ್ಷ ಎಷ್ಟು ಏರಿಕೆ ಎಂದು ಮೊದಲೇ ಬರೆಯಬೇಕು. ಅವಧಿ ಇಲ್ಲದ ಕರಾರು ಒಡೆಯನಿಗೆ ಹಾಳು, ಭದ್ರತೆ ಇಲ್ಲದ ಕರಾರು ಒಕ್ಕಲಿಗೆ ಹಾಳು.

ನಮ್ಮ ಮನೆಯ ಅನುಭವ

ನಮ್ಮದೊಂದು ಹಳೆ ಮನೆ ಇದೆ. ತಮ್ಮ ಮುಂಬಯಿಗೆ ಹೋದ ಮೇಲೆ ನಾಲ್ಕು ವರ್ಷ ಬೀಗ ಹಾಕಿಟ್ಟೆವು. ನಮ್ಮ ಮಳೆ, ಹೊಳೆ ಬದಿಯ ಉಪ್ಪು ಗಾಳಿ ಗೊತ್ತಲ್ಲ. ಹಂಚು ಜಾರಿ, ಪಕಾಸಿಗೆ ಒರಲೆ ಹಿಡಿದು, ಒಂದು ಕೋಣೆಯ ಮಾಡು ಕುಸಿಯಿತು. ಕೊಟ್ಟರೆ ಹೋಗುತ್ತದೆ ಎಂದು ಹೆದರಿದ ಮನೆ, ಕೊಡದೆಯೇ ಹೋಗುವುದರಲ್ಲಿತ್ತು.

ರಿಪೇರಿ ಮಾಡಿ ಮೊದಲ ಸಲ ಕೊಟ್ಟದ್ದು ಪರಿಚಯದವರ ಪರಿಚಯದವರಿಗೆ, ಬಾಯಿ ಮಾತಿನಲ್ಲಿ. ಆರು ತಿಂಗಳ ಬಾಡಿಗೆ, ಕರೆಂಟು ಬಿಲ್ಲು ಎರಡೂ ಬಾಕಿ ಇಟ್ಟು ಒಂದು ರಾತ್ರಿ ಹೋದರು. ತಪ್ಪು ನಮ್ಮದೂ ಇತ್ತು. ಕಾಗದ ಕೇಳಲು ನಮಗೆ ನಾಚಿಕೆಯಾಗಿತ್ತು.

ಎರಡನೇ ಸಲ ಬಂದವರು ಬಾಗಲಕೋಟೆ ಕಡೆಯ ಒಂದು ಸಂಸಾರ, ಗಾರೆ ಕೆಲಸದವರು. ಮನೆ ಹುಡುಕಿ ಹುಡುಕಿ ಸುಸ್ತಾಗಿದ್ದರು. ಎಲ್ಲರೂ ಮೊದಲು ಕೇಳುವುದು "ಯಾವ ಜನ?" ಎಂದು. ಸತ್ಯ ಹೇಳಬೇಕೆಂದರೆ ನಮ್ಮ ಬಾಯಿಗೂ ಅದೇ ಬಂತು. ಆಗ ಮೂಲೆಯಲ್ಲಿ ಕೂತಿದ್ದ ಅಪ್ಪಯ್ಯ, "ನಮ್ಮನ್ನೂ ಹೀಂಗೇ ಕೇಂತಿದ್ರ್, ಅಂಗಳದಗೆ ನಿಲ್ಸ್ಕಂಡ್" ಎಂದರು. ಅಷ್ಟೇ ಹೇಳಿದ್ದು. ನಾವು ಮುಂದೆ ಕೇಳಲಿಲ್ಲ. ಆಧಾರ್ ಪ್ರತಿ ತೆಗೆದುಕೊಂಡು, ಸ್ಟಾಂಪು ಕಾಗದದಲ್ಲಿ ಕರಾರು ಬರೆದು, ಎರಡು ತಿಂಗಳ ಅಡ್ವಾನ್ಸು ಹಿಡಿದು ಕೀಲಿ ಕೊಟ್ಟೆವು. ಅವರು ಆರು ವರ್ಷ ಇದ್ದರು. ಹೋಗುವಾಗ ಅಡ್ವಾನ್ಸಿನಲ್ಲಿ ಒಡೆದ ಒಂದು ಕಿಟಕಿ ಗಾಜಿನ ಹಣ ಮಾತ್ರ ಮುರಿದು ಉಳಿದದ್ದು ಕೊಟ್ಟೆವು. ಅವರ ಮಗಳು ಹೈಸ್ಕೂಲು ಮುಗಿಸಿದ್ದು ಆ ಮನೆಯಿಂದಲೇ.

ಸಂಘದ ಮಾಳಿಗೆಯ ಲೆಕ್ಕ

ಹಾಗಾದರೆ ಸಂಘ ಮಾಳಿಗೆ ಕಟ್ಟಿ ಬಾಡಿಗೆಗೆ ಕೊಡಲಿ ಎನ್ನುತ್ತೇವೆಯೇ? ಅದಕ್ಕೆ ಲೆಕ್ಕ ಬೇರೆ. ಇದ್ದ ಮನೆ ಕೊಡುವುದು ಒಂದು, ಬಾಡಿಗೆಗೆಂದೇ ಹಣ ಹಾಕಿ ಕಟ್ಟುವುದು ಇನ್ನೊಂದು.

ಉದಾಹರಣೆಗೆ ಹೀಗೆ ಇಟ್ಟುಕೊಳ್ಳುವ. ಕಟ್ಟಲು 30 ಲಕ್ಷ ರೂಪಾಯಿ. ತಿಂಗಳಿಗೆ 16,000 ಬಾಡಿಗೆ. ವರ್ಷಕ್ಕೆ 1,92,000. ಹನ್ನೆರಡು ತಿಂಗಳೂ ತುಂಬಿರುತ್ತದೆ ಎಂದು ಯಾರೂ ಬರೆದು ಕೊಡುವುದಿಲ್ಲ, ಒಂದು ತಿಂಗಳು ಖಾಲಿ ಎಂದರೆ 1,76,000. ಸುಣ್ಣ ಬಣ್ಣ, ಸೋರುವುದು, ಪಂಚಾಯತು ತೆರಿಗೆ, ವಿಮೆ ಎಂದು 26,000 ಕಳೆಯಿರಿ. ಉಳಿದದ್ದು 1,50,000. ಅಂದರೆ ಹಾಕಿದ ಹಣಕ್ಕೆ ನೂರಕ್ಕೆ ಐದು. ಅದೇ 30 ಲಕ್ಷ ಸದಸ್ಯರ ಠೇವಣಿಯಾದರೆ, ನೂರಕ್ಕೆ ಎಂಟರ ಹಾಗೆ ಬಡ್ಡಿ 2,40,000 ನಾವು ಕೊಡಬೇಕು. ವರ್ಷಕ್ಕೆ 90,000 ಕೈಯಿಂದ ಹೋಯಿತು. ಜಾಗದ ಬೆಲೆ ಏರುತ್ತದೆ ಎನ್ನಬಹುದು. ಆದರೆ ಠೇವಣಿ ಹಿಂದೆ ಕೇಳಲು ಬಂದವರಿಗೆ ಗೋಡೆ ಕಿತ್ತು ಕೊಡಲು ಆಗುವುದಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯ ಇದು. ಠೇವಣಿ ಹಣದಿಂದ, ಸಾಲದಿಂದ ಬಾಡಿಗೆ ಕಟ್ಟಡ ಬೇಡ. ಲಾಭದಲ್ಲಿ ವರ್ಷ ವರ್ಷ ತೆಗೆದಿಟ್ಟ ಕಟ್ಟಡ ನಿಧಿ ಎಷ್ಟಿದೆಯೋ ಅಷ್ಟರಲ್ಲಿ, ಮಹಾಸಭೆಯ ಒಪ್ಪಿಗೆ ಮತ್ತು ಇಲಾಖೆಯ ಅನುಮತಿ ಪಡೆದು ಕಟ್ಟುವ. ಮೊದಲು ನಮ್ಮದೇ ಗೊಬ್ಬರ, ಭತ್ತಕ್ಕೆ ಬೇಕಾದ ಗೋಡೌನು ಆಗಲಿ. ಉಳಿದ ಜಾಗ ಬಾಡಿಗೆಗೆ ಹೋಗಲಿ. ನಿರ್ದೇಶಕರ ಬಂಧುಗಳಿಗೆ ಗುಟ್ಟಿನಲ್ಲಿ ಕೊಡದೆ, ನೋಟೀಸು ಬೋರ್ಡಿಗೆ ಹಾಕಿ ಕೊಡುವ. ಕರಾರಿನ ಒಂದು ಪ್ರತಿ ಬಾಡಿಗೆದಾರರ ಕೈಯಲ್ಲಿ ಇರಲಿ, ಪ್ರತಿ ತಿಂಗಳು ರಶೀದಿ ಇರಲಿ. ಮನೆ ಖಾಲಿ ಇರುವ ಸದಸ್ಯರಿಗೂ ನಮ್ಮ ಮಾತು ಅದೇ. ಹೆದರಿ ಬೀಗ ಹಾಕಬೇಡಿ, ಉದಾರವಾಗಿ ಬಾಯಿ ಮಾತಿನಲ್ಲೂ ಕೊಡಬೇಡಿ. ಬರೆದು ಕೊಡಿ.

ಆ ಹಿರಿಯ ಸದಸ್ಯರ ಪ್ರಶ್ನೆಗೆ ನಾವು ಸಭೆಯಲ್ಲಿ ಉತ್ತರ ಕೊಟ್ಟಿರಲಿಲ್ಲ. ಒಕ್ಕಲಾಗಿ ಬದುಕಿದವರು ಒಕ್ಕಲು ಕೂರಿಸಬಹುದೇ? ಕೂರಿಸಬಹುದು ಎಂದೇ ನಮಗೆ ಅನ್ನಿಸುತ್ತದೆ. ಚಾವಡಿಯ ಕೆಳಗೆ ನಿಂತವರ ಕಾಲು ನೋವು ಗೊತ್ತಿದ್ದವರು ಚಾವಡಿಯ ಮೇಲೆ ಕೂತರೆ ಬಂದವರಿಗೆ ಒಂದು ಮಣೆ ಹಾಕಿಯಾರು. ಹಾಕದಿದ್ದರೆ ಅಜ್ಜ ಹೊತ್ತ ಮುಡಿಯ ಭಾರ ನಾವು ಮರೆತೆವು ಎಂದೇ ಲೆಕ್ಕ.

ಮುಂದಿನ ಮಹಾಸಭೆಯಲ್ಲಿ ಈ ವಿಷಯ ಮತ್ತೆ ಬರುತ್ತದೆ. ಸದಸ್ಯ ಬಾಂಧವರೆಲ್ಲರೂ ತಪ್ಪದೆ ಬಂದು ತಮ್ಮ ಅಭಿಪ್ರಾಯ ಹೇಳಬೇಕೆಂದು ಕೇಳಿಕೊಳ್ಳುತ್ತೇವೆ.